ಅವರ ಮಾತಿಗೆ ನಾನು ಹಾಕಿದ ಬೆಲ್ಲ

ನನ್ನ ಅಮ್ಮ ಹುಟ್ಟಿದ ದಿನ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಯಾರೋ ಬರೆದಿದ್ದಾರೆ. ಆದರೆ ಜಪಾನಿನ ಒಬ್ಬ ಕಾದಂಬರಿಕಾರ್ತಿ ಹುಟ್ಟಿದ ದಿನ ಅವರ ಊರಿನ ಬಂದರಿನಲ್ಲಿ ಹಿಮ ಬೀಳುತ್ತಿತ್ತು ಅನ್ನುವುದು ನನಗೆ ಗೊತ್ತು. ಮೊದಲ ಕತೆ ಬರೆದಾಗ ಅವರಿದ್ದ ಬಾಡಿಗೆ ಕೋಣೆಯ ಕಿಟಕಿ ಯಾವ ದಿಕ್ಕಿಗಿತ್ತು, ಕೆಳಗಡೆ ಯಾವ ಅಂಗಡಿಯಿತ್ತು, ಅದೂ ಗೊತ್ತು. ಆಸ್ಟಿನ್‌ನಲ್ಲಿ ಆರು ವರ್ಷ ಕೂತು ಅವರ ಬದುಕು ಬರಹದ ಮೇಲೆ ಪಿಎಚ್‌ಡಿ ಮಾಡಿದೆ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳೇ ನಾನೊಬ್ಬಳು. ಹೆಸರಿನ ಮುಂದೆ ಈಗ ಡಾಕ್ಟರ್ ಅಂತ ಹಾಕಿಕೊಳ್ಳುತ್ತೇನೆ, ಕರೆಂಟ್ ಬಿಲ್ಲಿನಲ್ಲೂ. ನಗುವವರು ನಗಲಿ.

ಇಲ್ಲಿ ಬರೆಯುತ್ತಿರುವುದು ಆ ಪ್ರಬಂಧದಲ್ಲಿ ಇಲ್ಲದ ಐದು ದಿನಗಳ ಬಗ್ಗೆ. ಆ ಲೇಖಕಿ ಟೆಕ್ಸಾಸ್‌ಗೆ ಬಂದಿದ್ದರು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರು ಊರಲ್ಲಿ ಮೂರು ಸಭೆ. ಅವರ ಕಾರು ಓಡಿಸಿದವಳೂ ನಾನೇ, ಅವರ ಮಾತನ್ನು ಇಂಗ್ಲಿಷಿಗೆ ತಂದ ದುಭಾಷಿಯೂ ನಾನೇ.

ಅವರು ಯಾರು ಅನ್ನುವುದನ್ನು ಮೊದಲು ಹೇಳಬೇಕು. ಜಪಾನಿನ ಉತ್ತರದ ಒಂದು ಮೀನುಗಾರರ ಊರು. ಅಪ್ಪ ಹಡಗಿನಲ್ಲಿ ಹೋದವನು ಇನ್ಯಾವುದೋ ಊರಿನಲ್ಲಿ ಇಳಿದು ಅಲ್ಲೇ ಉಳಿದ. ಅಮ್ಮ ಮೀನಿನ ಕಾರ್ಖಾನೆಯಲ್ಲಿ ಉಪ್ಪುನೀರಿನ ತೊಟ್ಟಿಯ ಮುಂದೆ ನಿಂತು ಮೀನಿನ ಹೊಟ್ಟೆ ಸೀಳುವ ಕೆಲಸ ಮಾಡುತ್ತಿದ್ದಳು. ಮಗಳು ಓದಬೇಕು ಅಂದಳು. ಜಪಾನಿನಲ್ಲಿ ಒಂದು ಪದ್ಧತಿ ಇದೆ: ಪೇಪರ್ ಏಜೆನ್ಸಿಯವರು ಕಾಲೇಜಿನ ಫೀಸು ಕಟ್ಟುತ್ತಾರೆ, ಮಲಗಲು ಒಂದು ಕೋಣೆ ಕೊಡುತ್ತಾರೆ, ಅದಕ್ಕೆ ಬದಲು ದಿನಕ್ಕೆ ಎರಡು ಸಲ ಮನೆಮನೆಗೆ ಪೇಪರ್ ಹಾಕಬೇಕು. ಅವರು ನಾಲ್ಕು ವರ್ಷ ಹಾಗೆ ಹಾಕಿದರು. ಬೆಳಗಿನ ಸುತ್ತು ಮುಗಿಸಿ ಬಂದು, ತಣ್ಣನೆ ಅನ್ನಕ್ಕೆ ಬಿಸಿ ಚಹಾ ಸುರಿದುಕೊಂಡು ತಿನ್ನುತ್ತ, ರೇಡಿಯೋದಲ್ಲಿ ಬರುವ ಇಂಗ್ಲಿಷ್ ಪಾಠ ಕೇಳುತ್ತಿದ್ದರಂತೆ. ಒಂದು ಹಳೆಯ ಲೇಖನದಲ್ಲಿ ಬರೆದಿದ್ದಾರೆ. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಅದಕ್ಕೊಂದು ಅಡಿಟಿಪ್ಪಣಿ ಹಾಕಿದ್ದೇನೆ.

ಆಮೇಲೆ ಬುತ್ತಿ ಕಟ್ಟುವ ಫ್ಯಾಕ್ಟರಿ, ಲಾಂಡ್ರಿ, ಆಸ್ಪತ್ರೆಯ ಅಡುಗೆಮನೆ. ಮೂವತ್ತು ದಾಟಿದ ಮೇಲೆ ಮೊದಲ ಕತೆ, ಹೊಸಬರಿಗೆ ಕೊಡುವ ಒಂದು ಬಹುಮಾನ. ಮೊದಲೆರಡು ಕಾದಂಬರಿಗಳನ್ನು ಯಾರೂ ಕೇಳಲಿಲ್ಲ. ಮೂರನೆಯದು ಅವರ ಅಮ್ಮನ ಬಗ್ಗೆ. ಅದು ದೇಶವಿಡೀ ಮಾರಾಟವಾಯಿತು, ಇಂಗ್ಲಿಷಿಗೂ ಬಂತು. ಅದರಲ್ಲಿ ಕಾಲೇಜು ಓದಿದ ಮಗಳಿಗೆ ಅಮ್ಮನ ಮೈಯ ಮೀನಿನ ವಾಸನೆ ಅಂದರೆ ನಾಚಿಕೆ. ಅಮ್ಮನೂ ಕಡಿಮೆಯವಳಲ್ಲ. ಪುಸ್ತಕದಲ್ಲಿ ಒಂದು ಕಡೆಯೂ ಅವಳು ಮಗಳನ್ನು ಕ್ಷಮಿಸುವುದಿಲ್ಲ.

ಆ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಬೆಂಗಳೂರು-ಮೈಸೂರು ರಸ್ತೆಯ ಒಂದು ಜಪಾನಿ ಕಾರ್ಖಾನೆಯಲ್ಲಿ, ಊರಿಗೆ ಹೊರಟ ಎಂಜಿನಿಯರೊಬ್ಬರು ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯಲ್ಲಿ. ನಾನು ರಾಮನಗರದವಳು. ಅಮ್ಮ ರೇಷ್ಮೆ ಫಿಲೇಚರ್ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ಬಿಚ್ಚುತ್ತಿದ್ದಳು. ಕುದಿಯುವ ತೊಟ್ಟಿಯಲ್ಲಿ ಗೂಡು ತೇಲುತ್ತವೆ, ಬೆರಳು ಅದ್ದಿ ಎಳೆಯ ತುದಿ ಹುಡುಕಬೇಕು. ಕೈ ಬೆಳ್ಳಗೆ ಉಬ್ಬಿ ಬಿರಿಯುತ್ತಿತ್ತು. ಸೀರೆಗೆ ಬೆಂದ ಹುಳದ ವಾಸನೆ. ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಅವಳು ಬಂದ ದಿನ ಹಿಂದಿನ ಬೆಂಚಿನವರು ಮೂಗು ಮುಚ್ಚಿದರು. ನಾನೂ ಸ್ವಲ್ಪ ದೂರ ಸರಿದು ನಿಂತೆ. ಬಿ.ಕಾಂ. ಮುಗಿಸಿ, ಭಾನುವಾರ ಭಾನುವಾರ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಜಪಾನಿ ಭಾಷೆ ಕಲಿತು ಆ ಕಾರ್ಖಾನೆ ಸೇರಿದವಳು, ಊಟದ ಬಿಡುವಿನಲ್ಲಿ ಆ ಪುಸ್ತಕ ತೆರೆದೆ. ಮೂರನೇ ಪುಟದಲ್ಲಿ ಮಗಳು ಶಾಲೆಯ ಗೇಟಿನಲ್ಲಿ ಅಮ್ಮನಿಂದ ದೂರ ಸರಿದು ನಿಲ್ಲುತ್ತಾಳೆ. ಅವತ್ತು ನಾನು ಊಟ ಮಾಡಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಕೆಲಸವೂ ದುಭಾಷಿಯದೇ. ಮಾತನ್ನು ಇದ್ದ ಹಾಗೆ ದಾಟಿಸಬೇಕು ಅನ್ನುವುದು ನಿಯಮ. ಜಪಾನಿ ಸೂಪರ್‌ವೈಸರ್ "ಇವನಿಗೆ ಕಣ್ಣಿದೆಯೋ ಇಲ್ಲವೋ ಕೇಳು" ಅಂದರೆ ನಾನು, "ಅಣ್ಣ, ಇನ್ನೊಂದ್ಸಲ ಚೆಕ್ ಮಾಡ್ಬೇಕಂತೆ" ಅನ್ನುತ್ತಿದ್ದೆ. ಆ ಅಣ್ಣ, "ಅವನೇ ಬಂದು ಸ್ಪಾನರ್ ಹಿಡೀಲಿ, ಆಗ ಗೊತ್ತಾಗತ್ತೆ ಮಗನಿಗೆ" ಅಂದರೆ, ಸೂಪರ್‌ವೈಸರ್‌ಗೆ "ಕ್ಷಮಿಸಿ, ಇನ್ನು ಮುಂದೆ ಗಮನ ಕೊಡುತ್ತಾರಂತೆ" ಅನ್ನುತ್ತಿದ್ದೆ. ಎರಡೂ ಕಡೆಯವರು ನನ್ನನ್ನು ಹೊಗಳಿದರು. "ನೀನಿದ್ರೆ ಲೈನಲ್ಲಿ ಜಗಳನೇ ಇಲ್ಲ ಕಣಮ್ಮ." ಬಡವರ ಮನೆಯಲ್ಲಿ ಮೊದಲು ಓದು ಕಲಿತ ಮಗುವಿಗೆ ಈ ವಿದ್ಯೆ ತಾನಾಗಿಯೇ ಬರುತ್ತದೆ. ಬಂದ ನೋಟಿಸು, ಕಾಗದ, ಆಫೀಸಿನವರ ಬೈಗುಳ ಎಲ್ಲವನ್ನೂ ಮನೆಯವರಿಗೆ ಓದಿ ಹೇಳುವವರು ನಾವೇ. ಏನನ್ನು ಎಷ್ಟು ಹೇಳಬೇಕು ಅನ್ನುವುದೂ ನಮ್ಮ ಕೈಯಲ್ಲೇ ಇರುತ್ತದೆ.

ಟೆಕ್ಸಾಸ್‌ಗೆ ಬಂದ ಮೇಲೆ ನಾನು ಆ ಮೂರನೇ ಕಾದಂಬರಿಯನ್ನು ಕನ್ನಡಕ್ಕೆ ತರತೊಡಗಿದೆ, ಇಂಗ್ಲಿಷ್ ಮುಟ್ಟದೆ, ನೇರ ಜಪಾನಿಯಿಂದ. ಪ್ರಬಂಧಕ್ಕೂ ಇದಕ್ಕೂ ಸಂಬಂಧವಿಲ್ಲ. ನಾಲ್ಕು ನೋಟ್‌ಬುಕ್ ತುಂಬಿತು. ಬೆಂಗಳೂರಿನ ಒಬ್ಬ ಪ್ರಕಾಶಕರು, "ಅನುಮತಿ ಪತ್ರ ಒಂದು ತರಿಸಿಬಿಡಿ ಮೇಡಂ, ಪುಸ್ತಕ ನಾನು ಮಾಡ್ತೀನಿ" ಅಂದರು. ಟೋಕಿಯೋದ ಏಜೆಂಟರಿಗೆ ಬರೆದೆ. ಸಣ್ಣ ಭಾಷೆಗಳ ವಿಷಯವನ್ನು ಲೇಖಕಿಯೇ ಖುದ್ದಾಗಿ ತೀರ್ಮಾನಿಸುತ್ತಾರೆ, ಟೆಕ್ಸಾಸ್‌ನಲ್ಲಿ ಹೇಗೂ ನೀವು ಜೊತೆಗಿರುತ್ತೀರಿ, ಅಲ್ಲೇ ಕೇಳಿ ಅಂತ ಉತ್ತರ ಬಂತು. ಸಣ್ಣ ಭಾಷೆ ಅಂದದ್ದಕ್ಕೆ ಮೈ ಉರಿಯಿತು. ಆದರೂ "ಧನ್ಯವಾದ" ಅಂತ ಬರೆದೆ. ಮೂರೂ ಸಭೆ ಚೆನ್ನಾಗಿ ನಡೆಸಿಕೊಟ್ಟು ಕೊನೆಯ ದಿನ ಕೇಳುವುದು ಅಂದುಕೊಂಡೆ.

ಡಲ್ಲಾಸ್‌ನ ಡಿಎಫ್‌ಡಬ್ಲ್ಯೂ ಏರ್‌ಪೋರ್ಟಿನಿಂದ ಹೊರಗೆ ಬಂದವರು ನನ್ನ ಭುಜದಷ್ಟು ಎತ್ತರದ, ಅರವತ್ತರ ಹೆಂಗಸು. ಕಪ್ಪು ಜಾಕೆಟ್, ಬೆನ್ನಿಗೊಂದು ಶಾಲಾ ಮಕ್ಕಳ ಥರದ ಚೀಲ. ಜಪಾನಿನಲ್ಲಿ ಲೇಖಕರನ್ನು ಸೆನ್ಸೇ, ಅಂದರೆ ಗುರುಗಳೇ ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆದು ಸೊಂಟ ಬಗ್ಗಿಸಿದೆ. ಅವರು ನನ್ನ ಕೈಗಳನ್ನು ನೋಡಿದರು. ಅಲ್ಲೇ ಪಕ್ಕದ ಯೂಲೆಸ್‌ನ ಹೋಟೆಲಿಗೆ ಕರೆದೊಯ್ದೆ. ಮಧ್ಯಾಹ್ನ ಏನಾದರೂ ನೋಡಬೇಕೇ ಅಂದೆ. ಮ್ಯೂಸಿಯಂ ಅನ್ನುತ್ತಾರೆ ಅಂದುಕೊಂಡಿದ್ದೆ.

"ವಿಮಾನದಲ್ಲಿ ಕೊಡುವ ಊಟ ಎಲ್ಲಿ ಕಟ್ಟುತ್ತಾರೆ?"

ಹುಡುಕಿ ಆ ಕಟ್ಟಡದ ಪಾರ್ಕಿಂಗ್‌ಗೆ ಹೋದೆವು. ಒಳಗೆ ಬಿಡುವುದಿಲ್ಲ. ಕಾರಿನಲ್ಲೇ ಕೂತೆವು. ಮೂರು ಗಂಟೆಗೆ ಶಿಫ್ಟ್ ಬಿಟ್ಟಿತು. ತಲೆಯ ಬಲೆ ಕಿತ್ತುಕೊಳ್ಳುತ್ತ ಹೆಂಗಸರು ಹೊರಬಂದರು, ಮೆಕ್ಸಿಕೋದವರು, ನೇಪಾಳದವರು, ಪೆಸಿಫಿಕ್ ದ್ವೀಪಗಳ ಕಡೆಯ ಎತ್ತರದ ಟೋಂಗಾದವರು. ಒಬ್ಬಳು ಗೋಡೆಗೆ ಒರಗಿ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ಮೂಸಿ ನೋಡಿಕೊಂಡಳು.

"ಇವರಲ್ಲಿ ಯಾರದಾದರೂ ಮಗಳು ಕಾಲೇಜಿನಲ್ಲಿ ಇರಬಹುದು," ಅಂದರು ಲೇಖಕಿ.

"ಇರಬಹುದು ಸೆನ್ಸೇ, ಒಳ್ಳೆಯದಲ್ಲವಾ."

"ಯಾರಿಗೆ?"

ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಮರುದಿನ ಡಲ್ಲಾಸ್‌ನ ಸಭೆ, ಒಂದು ಲೈಬ್ರರಿಯಲ್ಲಿ. ಹತ್ತಿರದ ಫ್ರಿಸ್ಕೋದಿಂದ ನಾನು ಅಕ್ಕ ಅಂತ ಕರೆಯುವ ಒಬ್ಬರು ಬಂದಿದ್ದರು. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ಮನೆಯಲ್ಲೇ ಕನ್ನಡ ಓದುಗರ ಬಳಗವೊಂದನ್ನು ನಡೆಸುತ್ತಾರೆ. ತಮ್ಮ ಬಳಗದ ಎಂಟು ಜನರನ್ನು ಎರಡು ಕಾರಿನಲ್ಲಿ ತುಂಬಿಸಿ ತಂದಿದ್ದರು. ದುಭಾಷಿಗಳಿಗೆ ಇನ್ನೊಂದು ನಿಯಮವಿದೆ: "ಅವರು ಹೀಗಂದರು" ಅನ್ನುವ ಹಾಗಿಲ್ಲ, ಅವರ ಬಾಯಾಗಿ "ನಾನು" ಅಂತಲೇ ಹೇಳಬೇಕು. ಹಾಗಾಗಿ ಮೂರೂ ಸಭೆಗಳಲ್ಲಿ ನಾನು ವೇದಿಕೆಯ ಮೇಲೆ ಮೀನಿನ ಕಾರ್ಖಾನೆಯವಳ ಮಗಳಾಗಿದ್ದೆ. ಮಾತಿನಲ್ಲಿ ರೇಷ್ಮೆ ಹೋಗಿ ಮೀನು ಬಂದಿತ್ತು, ಅಷ್ಟೇ.

ಯಾರೋ ಟೆಕ್ಸಾಸ್ ಹೇಗನಿಸಿತು ಅಂತ ಕೇಳಿದರು. ಲೇಖಕಿ ಹೇಳಿದ್ದು: "ಹೋಟೆಲಿನ ಎದುರಿನ ಅಂಗಡಿಗೆ ಹೋಗಲು ಹೊರಟೆ. ರಸ್ತೆ ದಾಟಲು ಜಾಗವೇ ಇಲ್ಲ. ಇಲ್ಲಿ ಕಾರಿಲ್ಲದವರನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಂಡಿಲ್ಲ." ನಾನು ಹೇಳಿದ್ದು: "ಇಲ್ಲಿ ಎಲ್ಲವೂ ಎಷ್ಟು ವಿಶಾಲ! ನನ್ನಂಥ ನಡೆಯುವವರಿಗೆ ಮಾತ್ರ ಕಾಲು ಸ್ವಲ್ಪ ನೋಯುತ್ತದೆ." ಸಭೆ ನಕ್ಕಿತು. ಲೇಖಕಿ ತಲೆ ತಿರುಗಿಸಿ ನನ್ನನ್ನು ಒಂದು ಸಲ ನೋಡಿದರು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

ಸಭೆ ಮುಗಿದ ಮೇಲೆ ಅಕ್ಕ ಓಡಿ ಬಂದರು. "ಎಷ್ಟು ಸ್ವೀಟಾಗಿ ಮಾತಾಡ್ತಾರಪ್ಪ! ಜಪಾನಿನೋರು ಅಂದ್ರೆ ಬಿಗುಮಾನ ಅಂದ್ಕೊಂಡಿದ್ದೆ."

"ಸ್ವೀಟು ಅವರಲ್ಲ ಅಕ್ಕ, ನಾನು," ಅಂದೆ. ನನಗೆ ಹೆಮ್ಮೆಯೇ ಆಗಿತ್ತು.

"ಪರ್ಮಿಷನ್ ಸಿಕ್ತಾ?"

"ಕೊನೇ ದಿನ ಕೇಳ್ತೀನಿ."

"ಸಿಗತ್ತೆ ಬಿಡಿ. ಪುಸ್ತಕ ನಮ್ಮ ಬಳಗದಲ್ಲೇ ರಿಲೀಸ್ ಮಾಡೋಣ. ನಿಮ್ಮ ತಾಯೀನೂ ಕರೆಸೋಣ. ಅಷ್ಟು ಕಷ್ಟಪಟ್ಟು ಓದಿಸಿದ್ದಾರೆ, ಒಂದು ಶಾಲು ಹೊದಿಸಿ ಸನ್ಮಾನ ಮಾಡೋಣ. ನಿಮ್ಮಂಥ ಕಡೆಯಿಂದ ಇಲ್ಲಿ ತನಕ ಬರೋದು ಅಂದ್ರೆ ಸುಮ್ನೆ ಅಲ್ಲ."

ಪಕ್ಕದಲ್ಲಿದ್ದ ಅವರ ಮಗಳು ಫೋನಿನಿಂದ ತಲೆಯೆತ್ತದೆ, ಮನೆಗೆ ಯಾವಾಗ ಹೋಗುವುದು ಅಂತ ಇಂಗ್ಲಿಷಿನಲ್ಲಿ ಕೇಳಿದಳು. "ಇರೇ, ಈ ಆಂಟಿ ನೋಡು, ಎಷ್ಟು ಕಷ್ಟದಿಂದ ಬಂದಿದ್ದಾರೆ" ಅಂದರು ಅಕ್ಕ. ಆ ಹುಡುಗಿ ನೋಡಿದಳು, ಪಾಪ, ಏನು ನೋಡಬೇಕೋ ಗೊತ್ತಾಗದೆ. 'ನಿಮ್ಮಂಥ ಕಡೆ' ಅನ್ನುವುದು ಯಾವ ಕಡೆ ಅಂತ ನಾನು ಕೇಳಲಿಲ್ಲ. ಅಕ್ಕನ ಮನೆಯಲ್ಲಿ ಎಷ್ಟೋ ಸಲ ಬಿಸಿಬೇಳೆಬಾತ್ ತಿಂದಿದ್ದೇನೆ.

ಹ್ಯೂಸ್ಟನ್ ಕಾರ್ಯಕ್ರಮ ನಡೆದದ್ದು ಊರಾಚೆಯ ದ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ, ಪೈನ್ ಮರಗಳ ನಡುವಿನ ಒಂದು ಹಾಲ್‌ನಲ್ಲಿ. ಕಲೆಗೆ ದಾನ ಕೊಡುವ ದೊಡ್ಡ ಮನುಷ್ಯರಿಗೆ ಮಧ್ಯಾಹ್ನದ ಊಟ, ಊಟದ ಜೊತೆ ಲೇಖಕಿ. ತಟ್ಟೆಯಲ್ಲಿದ್ದದ್ದು ಮೀನು. ದುಭಾಷಿಯ ಮುಂದೆಯೂ ಒಂದು ತಟ್ಟೆ ಇಡುತ್ತಾರೆ, ತಿನ್ನಲು ಆಗುವುದಿಲ್ಲ, ಬಾಯಿಗೆ ಬಿಡುವಿರುವುದಿಲ್ಲ.

ಕೊನೆಯಲ್ಲಿ ಒಬ್ಬ ವಯಸ್ಸಾದ ಗೃಹಸ್ಥರು ಎದ್ದು ನಿಂತರು. ಒಳ್ಳೆಯ ಮನುಷ್ಯ, ದನಿಯಲ್ಲೇ ಗೊತ್ತಾಗುತ್ತಿತ್ತು. ನಿಮ್ಮ ಕತೆ ಕೇಳಿ ಮನಸ್ಸು ತುಂಬಿತು, ಮೀನು ಸೀಳುವ ತಾಯಿಯ ಮಗಳು ಈ ಎತ್ತರಕ್ಕೆ ಬಂದಿದ್ದೀರಿ, ನಿಮ್ಮ ತಾಯಿಗೆ ನಿಮ್ಮ ಮೇಲೆ ಬಹಳ ಹೆಮ್ಮೆ ಇರಬೇಕಲ್ಲವೇ ಅಂದರು.

ಲೇಖಕಿ ನೀರು ಕುಡಿದರು. ಆಮೇಲೆ ಒಂದೊಂದೇ ವಾಕ್ಯ ಬಿಡಿಸಿ ಹೇಳಿದರು.

"ನನ್ನ ತಾಯಿ ನನ್ನ ಒಂದು ಸಾಲನ್ನೂ ಓದಲಿಲ್ಲ. ಯಾರೋ ಓದಿ ಹೇಳಿದಾಗ, ನನ್ನ ಮೈಯ ನಾತವನ್ನು ಮಾರಿದೆಯಲ್ಲೇ ಅಂದಳು. ಸಾಯುವ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಅವಳು ಹೇಳಿದ್ದು ಸರಿ. ಆ ನಾತ ಮಾರಿ ನಾನು ಮನೆ ಕಟ್ಟಿದೆ. ನೀವು ಅದನ್ನು ಕೊಂಡು ಊಟದ ಜೊತೆ ಇಟ್ಟುಕೊಂಡಿದ್ದೀರಿ. ಇದರಲ್ಲಿ ಯಾರ ಮನಸ್ಸೂ ತುಂಬಬೇಕಾಗಿಲ್ಲ."

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಗೃಹಸ್ಥರು ಇನ್ನೂ ನಿಂತೇ ಇದ್ದರು, ಕರವಸ್ತ್ರ ಕೈಯಲ್ಲಿ. ಆ ಒಂದು ಗಳಿಗೆಯಲ್ಲಿ ನನಗೆ ಕಂಡದ್ದು ಇಷ್ಟು: ಇದನ್ನು ಇದ್ದ ಹಾಗೆ ಹೇಳಿದರೆ ಈ ಮನುಷ್ಯನ ಮುಖ ಬಾಡುತ್ತದೆ, ಕಾರ್ಯಕ್ರಮ ಏರ್ಪಡಿಸಿದವರಿಗೆ ಮುಜುಗರ, ನನ್ನ ಪಿಎಚ್‌ಡಿ ಗೈಡ್‌ಗೆ ಫೋನ್ ಹೋಗುತ್ತದೆ. ಇಂಗ್ಲಿಷಿನಲ್ಲಿ ನಾನು ಹೇಳಿದೆ:

"ನನ್ನ ತಾಯಿಗೆ ನನ್ನ ಪುಸ್ತಕ ಓದಲು ಆಗಲಿಲ್ಲ. ಆದರೆ ಅವಳ ಬೆವರಿನ ಗಂಧ ಪ್ರತಿ ಪುಟದಲ್ಲೂ ಇದೆ. ನಾನಿರುವ ಮನೆಯೂ ಅವಳು ಕಟ್ಟಿದ್ದೇ. ಅವಳನ್ನು ನಿಮ್ಮ ಊಟದ ಮೇಜಿಗೆ ಕರೆದಿದ್ದಕ್ಕೆ ಧನ್ಯವಾದ."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಗೃಹಸ್ಥರು ಎದೆಯ ಮೇಲೆ ಕೈಯಿಟ್ಟು ಬಾಗಿದರು. ಲೇಖಕಿಯೂ ಬಾಗಿದರು. ನನ್ನ ಮೀನು ತಣ್ಣಗಾಗಿತ್ತು.

ಅಲ್ಲಿಂದ ಆಸ್ಟಿನ್‌ಗೆ ಹೊರಟೆವು. ಏಪ್ರಿಲ್ ತಿಂಗಳು. ಹೆದ್ದಾರಿಯ ಎರಡೂ ಕಡೆ ನೀಲಿ ಹೂವು. ಜನ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಿಲ್ಲಿಸಿ ಅಂತ ಲೇಖಕಿ ಸನ್ನೆ ಮಾಡಿದರು. ಹೂವು ನೋಡಲಿಕ್ಕೆ ಅಂದುಕೊಂಡೆ. ಅವರು ಕಾರಿಗೆ ಒರಗಿ ಸಿಗರೇಟು ಹಚ್ಚಿದರು. ಅದು ಅರ್ಧ ಮುಗಿದ ಮೇಲೆ, ಮೊದಲ ಬಾರಿಗೆ, ಇಂಗ್ಲಿಷಿನಲ್ಲಿ ಹೇಳಿದರು:

"ನನ್ನ ತಾಯಿ ಯಾರ ಊಟದ ಮೇಜಿಗೂ ಬರುತ್ತಿರಲಿಲ್ಲ."

ಒಂದೊಂದು ಪದವೂ ಬೇರೆ ಬೇರೆ, ಸ್ಪಷ್ಟ, ರೇಡಿಯೋ ಮೇಷ್ಟರ ಉಚ್ಚಾರಣೆ.

ಎರಡನೇ ಅಧ್ಯಾಯ, ಅಡಿಟಿಪ್ಪಣಿ. ತಣ್ಣನೆ ಅನ್ನ, ಬಿಸಿ ಚಹಾ, ನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಇಂಗ್ಲಿಷ್ ಪಾಠ. ಅದನ್ನು ಹುಡುಕಿ ತೆಗೆದವಳು ನಾನೇ. ಹಳೆಯ ಪತ್ರಿಕೆಯ ಪ್ರತಿಗಾಗಿ ಟೋಕಿಯೋದ ಲೈಬ್ರರಿಗೆ ಮೂರು ಸಲ ಬರೆದಿದ್ದೆ. ಅವರ ಬದುಕಿನ ಆ ಸಂಗತಿ ನನಗೆ ಒಂದು ಅಂಕಿಯ ಕೆಳಗಿನ ಎರಡು ಸಾಲಾಗಿ ಉಳಿದಿತ್ತು. ವೇದಿಕೆಯ ಮೇಲೆ ನನ್ನ ಪಕ್ಕ ಕೂತ ಹೆಂಗಸಿಗೆ ಕಿವಿ ಇದೆ ಅಂತ ಹೊಳೆದಿರಲಿಲ್ಲ.

ಸಾರಿ ಕೇಳಿದೆ. ಜಪಾನಿಯಲ್ಲಿ ಕ್ಷಮೆ ಕೇಳಲು ಹಲವು ಮಟ್ಟಗಳಿವೆ, ಅತಿ ಮೇಲಿನದನ್ನೇ ಬಳಸಿದೆ. ಅವರು ಸಿಗರೇಟಿನ ತುಂಡನ್ನು ಒಂದು ಪುಟ್ಟ ತಗಡಿನ ಡಬ್ಬಿಗೆ ಹಾಕಿ ಜೇಬಿಗಿಟ್ಟುಕೊಂಡು ಕಾರು ಹತ್ತಿದರು.

ಮರುದಿನ ಆಸ್ಟಿನ್‌ನಲ್ಲಿ, ನನ್ನದೇ ವಿಭಾಗದ ಸಭೆಯಲ್ಲಿ, ನಾನು ಒಂದು ಕೂದಲೆಳೆಯಷ್ಟೂ ಬದಲಿಸಲಿಲ್ಲ. ನಿಮ್ಮ ಬರಹದ ಮೇಲೆ ಯೂನಿವರ್ಸಿಟಿಗಳಲ್ಲಿ ನಡೆಯುವ ಸಂಶೋಧನೆಯ ಬಗ್ಗೆ ಏನನ್ನಿಸುತ್ತದೆ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಲೇಖಕಿ ಹೇಳಿದರು, ನಾನು ಹೇಳಿದೆ: "ಅವರು ನನ್ನ ತಾಯಿಯ ಬಗ್ಗೆ ಮುನ್ನೂರು ಪುಟ ಬರೆಯುತ್ತಾರೆ. ಬರೆದ ಮೇಲೆ ಕೆಲಸ ಸಿಗುತ್ತದೆ. ನನ್ನ ತಾಯಿಯಂಥವರು ಅವರ ಆಫೀಸಿನ ಕಸದ ಬುಟ್ಟಿ ಖಾಲಿ ಮಾಡಲು ಬಂದಾಗ ಅವರು ಕಾಲು ಎತ್ತಿಕೊಳ್ಳುತ್ತಾರೆ." ನನ್ನ ಬಾಯಿಂದ ನನ್ನ ಮೇಲೇ ಹೇಳಿಕೊಂಡೆ. ಹಾಲ್ ತಣ್ಣಗಾಯಿತು. ಚಪ್ಪಾಳೆ ಶಾಸ್ತ್ರಕ್ಕೆ ಬಿತ್ತು. ನನ್ನ ಗೈಡ್, ಆರು ವರ್ಷದಲ್ಲಿ ಒಂದು ದಿನವೂ ದನಿಯೇರಿಸದ ಹೆಂಗಸು, ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಅವರು ನಿಜವಾಗಿ ಹಾಗೇ ಅಂದರಾ? ನೀನು ಸ್ವಲ್ಪ ಖಾರ ಹಾಕಿದೆಯೇನೋ." ಸುಳ್ಳು ಹೇಳಿದ ದಿನ ಯಾರೂ ಹೀಗೆ ಕೇಳಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಹೋಟೆಲಿನ ತಿಂಡಿಯ ಹಾಲ್‌ನಲ್ಲಿ ಅನುಮತಿ ಕೇಳಿದೆ. ನಾಲ್ಕೂ ನೋಟ್‌ಬುಕ್ ಬ್ಯಾಗಿನಲ್ಲಿದ್ದವು, ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಅವರು ಒಂದನ್ನು ತೆರೆದು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಚೆನ್ನಾಗಿವೆ, ದುಂಡಗೆ," ಅಂದರು. "ಆದರೆ ಬೇಡ."

"ನಿನ್ನೆ ನಾನು ಇದ್ದ ಹಾಗೆ ಹೇಳಿದೆ ಸೆನ್ಸೇ."

"ನಿನ್ನೆ ನಿಮಗೆ ಈ ಅನುಮತಿ ಬೇಕಿತ್ತು." ನೋಟ್‌ಬುಕ್ ಮುಚ್ಚಿದರು. "ಮೊನ್ನೆ ಅವರ ಚಪ್ಪಾಳೆ ಬೇಕಿತ್ತು."

ನನಗೆ ಸಿಟ್ಟು ಬಂತು. ನಾನು ಅಳುವವಳಲ್ಲ. "ನಿಮಗೆ ಅರ್ಥವಾಗುತ್ತಿತ್ತಲ್ಲ? ಅಲ್ಲೇ ಎದ್ದು, ಇವಳು ಹೇಳಿದ್ದು ಸುಳ್ಳು ಅನ್ನಬಹುದಿತ್ತಲ್ಲ? ನೀವೂ ಬಾಗಿ ಚಪ್ಪಾಳೆ ತಗೊಂಡಿರಿ."

"ಅಂದಿದ್ದರೆ ನಿಮ್ಮ ಕೆಲಸ ಹೋಗುತ್ತಿತ್ತು."

"ಹಾಗಾದರೆ ನೀವೂ ನನ್ನಂತೆಯೇ ಮಾಡಿದಿರಿ."

"ಹೌದು. ಆ ರೋಗ ನನಗೂ ಇದೆ. ಆ ಒಂದು ಪುಸ್ತಕದಲ್ಲಿ ಮಾತ್ರ ಅದನ್ನು ಹೊರಗೆ ನಿಲ್ಲಿಸಿದ್ದೆ. ನಿಮ್ಮ ಭಾಷೆಯಲ್ಲಿ ಅದು ಒಳಗೆ ಬಂದುಬಿಡುತ್ತದೆ." ಚೀಲ ಹೆಗಲಿಗೇರಿಸಿಕೊಂಡು ಕೇಳಿದರು: "ನಿಮ್ಮ ತಾಯಿಗೆ ಯಾವಾಗಲಾದರೂ ಯಾರದಾದರೂ ಮಾತನ್ನು ಹೀಗೆ ಬದಲಿಸಿ ಹೇಳಿದ್ದೀರಾ?"

"ಇಲ್ಲ," ಅಂದೆ.

ಹೇಳಿದ್ದೆ. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅಮ್ಮನಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಎಕ್ಸ್‌ರೇ ಬೆಳಕಿಗೆ ಹಿಡಿದು ನನಗೆ ಇಂಗ್ಲಿಷಿನಲ್ಲಿ ಗದರಿ ಹೇಳಿದರು: ಇವರನ್ನು ಆ ಹಬೆಯಿಂದ ಇವತ್ತೇ ಬಿಡಿಸು, ಇನ್ನೂ ಅಲ್ಲೇ ಕೂತರೆ ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ. ಅಮ್ಮ ನನ್ನ ಮುಖ ನೋಡುತ್ತಿದ್ದಳು. ಅವಳು ಬಿಟ್ಟರೆ ಆ ತೊಟ್ಟಿಯ ಮುಂದೆ ಕೂರಬೇಕಾದವಳು ನಾನು. "ಮೂಗಿಗೆ ಬಟ್ಟೆ ಕಟ್ಕೊಂಡು ಕೆಲ್ಸ ಮಾಡ್ಬೇಕಂತೆ ಅಮ್ಮ, ಮಾತ್ರೆ ಕೊಟ್ಟಿದ್ದಾರೆ" ಅಂದೆ. ಅವಳು ಬಟ್ಟೆ ಕಟ್ಟಿಕೊಂಡು ಮತ್ತೆ ಮೂರು ವರ್ಷ ಕೂತಳು. ಡಿಗ್ರಿ ಮುಗಿಯಿತು, ಜಪಾನಿ ಕಲಿತದ್ದೂ ಮುಗಿಯಿತು. ಈಗ ಅವಳು ನನ್ನ ತಮ್ಮನ ಮನೆಯಲ್ಲಿ ಇನ್‌ಹೇಲರ್ ಪಕ್ಕದಲ್ಲಿಟ್ಟುಕೊಂಡು ಕೂತೇ ಮಲಗುತ್ತಾಳೆ.

ಲೇಖಕಿಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದು ವಾರವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ನಡೆದದ್ದನ್ನೆಲ್ಲ ಹೇಳಿದೆ. ಆಸ್ಪತ್ರೆಯದನ್ನೂ ಹೇಳಿದೆ, ಡಾಕ್ಟರ್ ಅಂದದ್ದನ್ನು ಇದ್ದ ಹಾಗೆ.

ಅವಳ ಉಸಿರು ಕೇಳುತ್ತಿತ್ತು, ಸೀಟಿಯ ಥರ.

"ಗೊತ್ತಿತ್ತು ಕಣೇ," ಅಂದಳು. "ಆ ಡಾಕ್ಟ್ರು ಮುಖ ನೋಡಿದ್ರೆ ಯಾರಿಗೂ ಗೊತ್ತಾಗ್ತಿತ್ತು. ಮೂಗಿಗೆ ಬಟ್ಟೆ ಕಟ್ಕೋ ಅನ್ನಕ್ಕೆ ಯಾರಾದ್ರೂ ಅಷ್ಟು ಕಿರುಚ್ತಾರಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯೇನೋ ಅಂತ ಇದ್ದೆ. ಡಿಗ್ರಿ ಬಂದ ದಿನ ಹೇಳ್ತೀಯ ಅಂದ್ಕೊಂಡೆ. ಕೆಲ್ಸ ಸಿಕ್ಕಾಗ ಅಂದ್ಕೊಂಡೆ. ಅಮೇರಿಕಾಕ್ಕೆ ಹೋಗೋ ದಿನ ಕಾಲಿಗೆ ಬಿದ್ಯಲ್ಲ, ಆಗ್ಲಾದ್ರೂ ಅಂದ್ಕೊಂಡೆ. ಯಾವ್ದೋ ದೇಶದೋಳು ಬಂದು ನಿನ್ ಬಾಯಿ ಬಿಡಿಸ್ಬೇಕಾಯ್ತಾ?"

ಫೋನ್ ಇಟ್ಟುಬಿಟ್ಟಳು. ನಾಲ್ಕು ಭಾನುವಾರ ಎತ್ತಲಿಲ್ಲ. ತಮ್ಮ, "ನೀನೇನಂದ್ಯೋ ಏನೋ, ಮನೇಲಿ ಯಾರ್ ಹತ್ರನೂ ಮಾತಾಡ್ತಿಲ್ಲ" ಅಂತ ಮೆಸೇಜ್ ಹಾಕಿದ.

ಆ ವಾರಗಳಲ್ಲೇ ನೋಟ್‌ಬುಕ್‌ಗಳನ್ನು ಮೂಲದ ಪಕ್ಕ ಇಟ್ಟು ಓದಿದೆ. ಲೇಖಕಿಗೆ ಕನ್ನಡದ ಒಂದು ಅಕ್ಷರವೂ ಬರುವುದಿಲ್ಲ, ಆದರೂ ಅವರು ಹೇಳಿದ್ದು ನಿಜವಾಗಿತ್ತು. ಕಾದಂಬರಿಯ ನಡುವೆ, ಮಗಳು ಸರ್ಟಿಫಿಕೇಟ್ ತಂದು ತೋರಿಸುವ ಪುಟವಿದೆ. ಅಮ್ಮ ಕೈ ಒರೆಸಿಕೊಳ್ಳದೆ ಅದನ್ನು ತೆಗೆದುಕೊಂಡು, ಮೀನಿನ ನೀರಿನ ಗುರುತು ಬಿಟ್ಟು ವಾಪಸ್ ಕೊಟ್ಟು, "ಇದಕ್ಕೆ ನನ್ನ ಎಷ್ಟು ಉಗುರು ಹೋದವು, ಎಣಿಸು" ಅನ್ನುತ್ತಾಳೆ. ನಾನು ಬರೆದದ್ದು: "ನಿನ್ನ ಓದಿಸೋಕೆ ಅಮ್ಮ ಎಷ್ಟು ಕಷ್ಟಪಟ್ಟಳು ಅನ್ನೋದನ್ನ ಮರೀಬೇಡ ಮಗಳೇ." ಮಗಳೇ ಅನ್ನುವುದು ಮೂಲದಲ್ಲಿ ಎಲ್ಲೂ ಇಲ್ಲ. ಉಗುರಿನ ಜಾಗದಲ್ಲಿ ನಾನು ಕಷ್ಟ ಅಂತ ಹಾಕಿದ್ದೆ, ಶಾಲು ಹೊದಿಸುವಾಗ ಮೈಕಿನಲ್ಲಿ ಹೇಳುವ ಮಾತು. ಇಂಥವು ಪುಟಪುಟಕ್ಕೂ ಇದ್ದವು. ಅನುಮತಿ ಸಿಕ್ಕಿದ್ದರೆ ಅದೇ ಅಚ್ಚಾಗುತ್ತಿತ್ತು. ಫ್ರಿಸ್ಕೋ ಅಕ್ಕನ ಬಳಗದಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಐದನೇ ನೋಟ್‌ಬುಕ್ ತಂದು ಮೊದಲ ಪುಟದಿಂದ ಶುರು ಮಾಡಿದೆ. ಇದು ಅಚ್ಚಾಗುವುದಿಲ್ಲ. ಪ್ರಕಾಶಕರಿಗೆ ಹೇಳಿಯಾಗಿದೆ, ಅಕ್ಕನಿಗೂ ಹೇಳಿಯಾಗಿದೆ. "ಅಯ್ಯೋ, ನೀವು ಇನ್ನೊಂದ್ಸಲ ಪ್ರೀತಿಯಿಂದ ಕೇಳ್ಬೇಕಿತ್ತು" ಅಂದರು ಅಕ್ಕ. ಪಿಎಚ್‌ಡಿ ಆಯಿತು, ಆ ಅಡಿಟಿಪ್ಪಣಿ ಅದೇ ಜಾಗದಲ್ಲಿ ಹಾಗೇ ಇದೆ.

ಐದನೇ ಭಾನುವಾರ ಅಮ್ಮ ಫೋನ್ ಎತ್ತಿದಳು. ಅಮ್ಮನಿಗೆ ಓದಿ ಹೇಳಲು ಯಾರ ಅನುಮತಿಯೂ ಬೇಕಿಲ್ಲವಲ್ಲ, ನಾನು ಹೊಸ ನೋಟ್‌ಬುಕ್ ತೆರೆದು ಓದತೊಡಗಿದೆ. ಅವಳು ಇಡಲೂ ಇಲ್ಲ, ಹೂಂಗುಟ್ಟಲೂ ಇಲ್ಲ. ಹಾಗೇ ವಾರವಾರ ನಡೆಯಿತು. ಸರ್ಟಿಫಿಕೇಟಿನ ಪುಟ ಬಂದ ದಿನ ಒಂದು ಪದವನ್ನೂ ಬಿಡದೆ, ಉಗುರು ಎಣಿಸು ಅನ್ನುವ ತನಕ ಓದಿ ನಿಲ್ಲಿಸಿದೆ. ಇನ್‌ಹೇಲರ್ ಒತ್ತಿದ ಸದ್ದು ಕೇಳಿಸಿತು.

"ಅವಳ ಅಮ್ಮಂದು ಎಷ್ಟು ಹೋಗಿತ್ತಂತೆ?" ಅಂದಳು.

"ಬರ್ದಿಲ್ಲಮ್ಮ."

"ಬರೀಬೇಕಿತ್ತು," ಅಂದಳು ಅಮ್ಮ. "ನಂದು ಏಳು."